ಬಿರುಗಾಳಿ ಮಳೆಗೆ ಟಾರ್ಪಾಲು ಸೂರು: ಕಟ್ಟುವ ಕ್ರಮ, ಇಳಿಸುವ ಹೊತ್ತು

2019ರ ಜೂನ್ 23, ಭಾನುವಾರ. ರಾಜಸ್ಥಾನದ ಬಾಡಮೇರ್ ಜಿಲ್ಲೆಯ ಜಸೋಲ್ ಗ್ರಾಮದಲ್ಲಿ ರಾಮಕಥಾ ಪ್ರವಚನಕ್ಕಾಗಿ ಭಾರಿ ಪೆಂಡಾಲ್ ಹಾಕಲಾಗಿತ್ತು. ಅಪರಾಹ್ನ ಎದ್ದ ಬಿರುಗಾಳಿ ಪೆಂಡಾಲನ್ನು ಕಬ್ಬಿಣದ ಚೌಕಟ್ಟಿನ ಸಮೇತ ಕೆಡವಿತು. ಅದರೊಳಗೆ ವಿದ್ಯುತ್ ಪ್ರವಹಿಸಿತು. 14 ಮಂದಿ ಪ್ರಾಣ ಕಳೆದುಕೊಂಡರು. ಹತ್ತಾರು ಮಂದಿ ಗಾಯಗೊಂಡರು. ನೆರಳಿಗೆಂದು ಕಟ್ಟಿದ ಚಪ್ಪರವೇ ಕೂತವರ ಮೇಲೆ ಬಿದ್ದಿತ್ತು.

ಇಂಥ ಸೂರು ಕರ್ನಾಟಕಕ್ಕೇನೂ ಅಪರಿಚಿತವಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಹಾಪೂರದಲ್ಲಿ ಉತ್ತರ ಕರ್ನಾಟಕದ, 2018ರ ಆಗಸ್ಟ್‌ನಲ್ಲಿ ಕೊಡಗಿನ, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಜನ ಮನೆ ಕಳೆದುಕೊಂಡಾಗ ಮೊದಲ ದಿನಗಳಲ್ಲಿ ಅನೇಕರ ತಲೆಯ ಮೇಲಿದ್ದುದು ಪ್ಲಾಸ್ಟಿಕ್ ಹೊದಿಕೆಯೇ. ದಕ್ಷಿಣದವರು ಟಾರ್ಪಾಲು ಎನ್ನುವುದನ್ನು ಉತ್ತರ ಕರ್ನಾಟಕದವರು ತಾಡಪತ್ರಿ ಎನ್ನುತ್ತಾರೆ. ನಗರಗಳಲ್ಲೂ ಅದಿಲ್ಲದೆ ದಿನ ಸಾಗದು. ಕಟ್ಟಡ ಕಾರ್ಮಿಕರ ಶೆಡ್ಡು, ತಳ್ಳುಗಾಡಿಯ ಚಾವಣಿ, ಗಣೇಶೋತ್ಸವದ ಪೆಂಡಾಲ್, ಮನೆಯ ತಾರಸಿಯ ಮೇಲಿನ ಗೃಹಪ್ರವೇಶದ ಊಟ, ವಾರಾಂತ್ಯದ ಚಾರಣಿಗರ ಬಿಡಾರ ಎಲ್ಲಕ್ಕೂ ಅದೇ ಹಾಳೆ. ಎಲ್ಲರಿಗೂ ಗೊತ್ತಿರುವ ವಸ್ತುವಾದ್ದರಿಂದ ಅದನ್ನು ಕಟ್ಟುವ ಬಗೆಯನ್ನು ಕಲಿಯಬೇಕೆಂದು ಹೆಚ್ಚಿನವರಿಗೆ ಅನಿಸುವುದೇ ಇಲ್ಲ.

ಬಿರುಗಾಳಿಯಲ್ಲಿ ಹಾಳೆಯೇ ಮೊದಲು ಹರಿಯುವುದು ಕಡಿಮೆ. ಮೊದಲು ಕಿತ್ತುಬರುವುದು ಅಂಚಿನ ರಿಂಗು, ಸಡಿಲ ಗಂಟು ಅಥವಾ ಮೆತ್ತಗಾದ ನೆಲದಲ್ಲಿ ನೆಟ್ಟ ಗೂಟ. ಅದಕ್ಕಿಂತಲೂ ಮುಖ್ಯ ಸಂಗತಿಯೊಂದಿದೆ. ಟಾರ್ಪಾಲು ಬಿಸಿಲನ್ನೂ ಮಳೆಯನ್ನೂ ತಡೆದೀತು, ಸಿಡಿಲನ್ನು ತಡೆಯಲಾರದು. ಒಂದು ಮಿತಿ ದಾಟಿದ ಗಾಳಿಯನ್ನೂ ತಡೆಯಲಾರದು. ಆ ಮಿತಿ ಯಾವುದೆಂದು ತಿಳಿದು, ಅದು ಬರುವ ಮೊದಲೇ ಸೂರನ್ನು ಇಳಿಸುವುದೂ ಕಟ್ಟುವ ಕೆಲಸದ್ದೇ ಭಾಗ.

ಗಾಳಿಯ ತೂಕ

ಕಟ್ಟಡಗಳ ಮೇಲೆ ಬೀಳುವ ಗಾಳಿಯ ಒತ್ತಡವನ್ನು ಲೆಕ್ಕ ಹಾಕಲು ಎಂಜಿನಿಯರುಗಳು ಬಳಸುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಸರಳ ಸೂತ್ರವೊಂದಿದೆ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಪರಿಹಾರ ಕಾರ್ಯಗಳಲ್ಲಿ ರೆಡ್‌ಕ್ರಾಸ್ ಬಳಸುವ ಟಾರ್ಪಾಲಿನ ಅಳತೆ 4 ಮೀಟರ್ ಅಗಲ, 6 ಮೀಟರ್ ಉದ್ದ, ಅಂದರೆ 24 ಚದರ ಮೀಟರ್. ಅದು ಗಾಳಿಗೆ ನೇರ ಎದುರಾದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೀಳುವ ಬಲ ಸುಮಾರು 180 ಕಿಲೊ ತೂಕಕ್ಕೆ ಸಮ. 60 ಕಿ.ಮೀ. ವೇಗಕ್ಕೆ 400 ಕಿಲೊ. 80 ಕಿ.ಮೀ. ಮುಟ್ಟಿದರೆ 725 ಕಿಲೊ! ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ‘ನಿನ್ನೆಯ ಗಾಳಿಗೆ ತಡೆದುಕೊಂಡಿತ್ತಲ್ಲ’ ಎಂಬ ಧೈರ್ಯ ಕೈಕೊಡುವುದು ಇಲ್ಲೇ.

ತಗ್ಗಾಗಿ, ಇಳಿಜಾರಾಗಿ ಕಟ್ಟಿದ ಹಾಳೆಯ ಮೇಲೆ ಇದರ ಒಂದು ಪಾಲಷ್ಟೇ ಬೀಳುತ್ತದೆ ಎಂಬುದು ನಿಜ. ಆದರೆ ಗಾಳಿ ಒತ್ತುವುದಷ್ಟೇ ಅಲ್ಲ, ಎತ್ತುವುದೂ ಉಂಟು. ಅಂಚಿನಡಿ ನುಗ್ಗಿದ ಗಾಳಿ ಹಾಳೆಯನ್ನು ಕೆಳಗಿನಿಂದ ದೂಡಿದರೆ, ಮೇಲೆ ಹಾದುಹೋಗುವ ಗಾಳಿ ಮೇಲಿನಿಂದ ಸೆಳೆಯುತ್ತದೆ. ಹಾರುತ್ತಿರುವ ಶಾಮಿಯಾನದ ಕಂಬವನ್ನು ನಾಲ್ಕು ಜನ ತಬ್ಬಿ ಹಿಡಿಯುವ ದೃಶ್ಯ ಮದುವೆ ಮನೆಗಳಲ್ಲಿ ಹೊಸದಲ್ಲ. ಮೇಲಿನ ಲೆಕ್ಕ ನೋಡಿದರೆ ಅದೆಂಥ ಅಪಾಯವೆಂದು ಬೇರೆ ಹೇಳಬೇಕಿಲ್ಲ.

ಮೊದಲು ಜಾಗ

ಹಗ್ಗ, ಗೂಟಗಳಿಗಿಂತ ಮೊದಲು ತಲೆಯೆತ್ತಿ ಮೇಲೆ ನೋಡಬೇಕು. ವಿದ್ಯುತ್ ತಂತಿಯ ಕೆಳಗೆ ಅಥವಾ ಸಮೀಪದಲ್ಲಿ ಸೂರು ಕಟ್ಟುವುದು ಸಲ್ಲ. ತಂತಿ ಹರಿದು ಬೀಳುವುದೊಂದೇ ಭಯವಲ್ಲ. ಗಾಳಿಗೆ ಎದ್ದ ಕಬ್ಬಿಣದ ಕಂಬ ಅಥವಾ ಒದ್ದೆ ಹಗ್ಗ ತಂತಿಗೆ ತಾಗಿದರೂ ಸಾಕು. ಮರದಡಿಯ ಜಾಗವೂ ಹಿತವಲ್ಲ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಪ್ರತಿ ದೊಡ್ಡ ಮಳೆಗೂ ಗುಲ್‌ಮೊಹರ್‌ನಂಥ ಮರಗಳು, ಒಣಗಿದ ಕೊಂಬೆಗಳು ಉರುಳುವುದನ್ನು ನಗರವಾಸಿಗಳು ಬಲ್ಲರು. ಕರಾವಳಿಯಲ್ಲಿ ತೆಂಗಿನ ಮರದ ಕಾಯಿ, ಗರಿಗಳ ಭಯ. ಎರಡು ಮರಗಳ ನಡುವೆ ಹಗ್ಗ ಬಿಗಿಯುವ ಚಾರಣಿಗರು ಕನಿಷ್ಠ ಪಕ್ಷ ಮರ ಹಸಿಯಿದೆಯೇ, ಮೇಲೆ ಒಣಕೊಂಬೆ ತೂಗುತ್ತಿದೆಯೇ ಎಂಬುದನ್ನಾದರೂ ನೋಡಬೇಕು. ಗುಡುಗು ಆರಂಭವಾದರೆ ಆ ಜಾಗವೇ ಬೇಡ.

ಗೋಡೆಯ ಆಸರೆಯೂ ನಂಬಿಕೆಗೆ ಅರ್ಹವಲ್ಲ. ಕಾಂಪೌಂಡ್ ಗೋಡೆಗೆ ಒಂದು ಅಂಚು ಕಟ್ಟಿ ಇನ್ನೊಂದನ್ನು ಇಳಿಬಿಟ್ಟರೆ ಎರಡು ಕಂಬದ ಖರ್ಚು ಉಳಿಯುತ್ತದೆ, ಸರಿ. ಆದರೆ ಗೋಡೆಯ ಆಚೆ ಮಣ್ಣು ತುಂಬಿದ್ದರೆ ಮಳೆನೀರು ಕುಡಿದ ಆ ಮಣ್ಣು ಗೋಡೆಯನ್ನು ಒತ್ತತೊಡಗುತ್ತದೆ. 2019ರ ಜೂನ್ 29ರ ನಸುಕಿನಲ್ಲಿ ಪುಣೆಯ ಕೊಂಢ್ವಾದಲ್ಲಿ ಮಳೆಗೆ ಕಾಂಪೌಂಡ್ ಗೋಡೆ ಕುಸಿದು ಪಕ್ಕದ ಶೆಡ್ಡುಗಳ ಮೇಲೆ ಬಿದ್ದಾಗ ಕಟ್ಟಡ ಕಾರ್ಮಿಕರು, ಅವರ ಮಕ್ಕಳು ಸೇರಿ ಕನಿಷ್ಠ 15 ಮಂದಿ ಮಲಗಿದ್ದಲ್ಲೇ ಅಸುನೀಗಿದರು. ಮಲೆನಾಡು ಮತ್ತು ಕರಾವಳಿಯಲ್ಲಿ ಗೋಡೆಯ ಜಾಗದಲ್ಲಿ ಗುಡ್ಡವಿರುತ್ತದೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ ಬದಿಯ ಗುಡ್ಡ ಜರಿದು, ಬುಡದಲ್ಲಿದ್ದ ಚಹಾದಂಗಡಿಯನ್ನೂ ಜನರನ್ನೂ ಗಂಗಾವಳಿ ನದಿಗೆ ತಳ್ಳಿತು. ಕಡಿದು ನಿಲ್ಲಿಸಿದ ಗುಡ್ಡದ ಬುಡ, ಬೇಸಿಗೆಯಲ್ಲಿ ಒಣಗಿರುವ ಹಳ್ಳದ ಪಾತ್ರ, ಹೊಸದಾಗಿ ಮಣ್ಣು ಸುರಿದ ಜಾಗ ಇವು ಮೂರೂ ಎಷ್ಟೇ ಸಮತಟ್ಟಾಗಿ ಕಂಡರೂ ಸೂರಿಗೆ ಸಲ್ಲ. ಜಾಹೀರಾತು ಫಲಕದ ಕೆಳಗಂತೂ ನಿಲ್ಲಲೇಬಾರದು. ಮುಂಬೈನ ಘಾಟ್‌ಕೋಪರ್‌ನಲ್ಲಿ 2024ರ ಮೇ 13ರ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಉರುಳಿದ ಫಲಕ 17 ಜನರನ್ನು ಬಲಿ ತೆಗೆದುಕೊಂಡಿತು.

ಹಾಳೆಯ ಪರೀಕ್ಷೆ

ಅಂಗಡಿಯಲ್ಲಿ ಟಾರ್ಪಾಲಿನ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದಷ್ಟೇ ಇದರ ಅರ್ಥ. ಹೀಗಾಗಿ ಗ್ರಾಹಕರು ಮೋಸ ಹೋಗಬೇಕಿಲ್ಲ, ತಕ್ಕಡಿಯೇ ಸಾಕ್ಷಿ. 250 ಜಿಎಸ್‌ಎಂ ಎಂದು ಮಾರುವ 4×6 ಮೀಟರಿನ ಹಾಳೆ 6 ಕಿಲೊ ಆಸುಪಾಸು ತೂಗಬೇಕು. ರೈತ ಸಂಪರ್ಕ ಕೇಂದ್ರಗಳು ಒಕ್ಕಣೆಗೆಂದು ಸಹಾಯಧನದಲ್ಲಿ ವಿತರಿಸುತ್ತ ಬಂದಿರುವ 8×6 ಮೀಟರಿನ ಹಾಳೆ ಅಷ್ಟೇ ದಪ್ಪದ್ದಾದರೆ 12 ಕಿಲೊ. ನೇಯ್ದ ಎಚ್‌ಡಿಪಿಇ ಟಾರ್ಪಾಲಿಗೆ ಐಎಸ್ 7903 ಎಂಬ ಭಾರತೀಯ ಮಾನಕವಿದ್ದು, ಆ ಸಂಖ್ಯೆಯ ಮುದ್ರೆ ಇರುವುದನ್ನು ಕೊಳ್ಳುವುದು ಒಳಿತು. ಬಿಸಿಲಿಗೆ ಒಡ್ಡಿದ ಪ್ಲಾಸ್ಟಿಕ್ ಕ್ರಮೇಣ ಪೆಡಸಾಗುತ್ತದೆ. ಹಳೆಯ ಹಾಳೆಯನ್ನು ಮಡಚಿ ಉಜ್ಜಿದಾಗ ಮೇಲ್ಪದರ ಪುಡಿಯಾಗಿ ಉದುರಿದರೆ ಅದನ್ನು ಸೌದೆ ಮುಚ್ಚಲು ಬಳಸಬಹುದು, ಮನುಷ್ಯರ ತಲೆಯ ಮೇಲೆ ಬೇಡ.

ಆಕಾರ: ತಗ್ಗಿದ್ದಷ್ಟೂ ಕ್ಷೇಮ

ಮೇಲೆ ಚಪ್ಪಟೆಯಾಗಿ ಹರಡಿ ನಾಲ್ಕು ಕಂಬಕ್ಕೆ ಕಟ್ಟುವ ಶಾಮಿಯಾನ ಬಿಸಿಲಿಗೆ ಹೇಳಿ ಮಾಡಿಸಿದ್ದು, ಬಿರುಗಾಳಿಗೆ ಅತ್ಯಂತ ಕೆಟ್ಟದ್ದು. ಮಳೆಗಾಲಕ್ಕೆ ಸೂಕ್ತವಾದುದು ಎರಡು ಬದಿಗೆ ಇಳಿಯುವ ಮಾಡಿನ ಆಕಾರ. ಎರಡು ಕಂಬಗಳ ನಡುವೆ ಒಂದು ನಡುಹಗ್ಗ ಬಿಗಿದು, ಹಾಳೆಯನ್ನು ಅದರ ಮೇಲೆ ಹಾಯಿಸಿ, ಎರಡೂ ಅಂಚನ್ನು ನೆಲಕ್ಕೆ ಎಳೆದು ಕಟ್ಟುವುದು. ಹಗ್ಗದ ಬದಲು ಬಿದಿರಿನ ಗಳ ಅಥವಾ ಸರ್ವೆ ಮರದ ಗಳವನ್ನು ಅಡ್ಡ ಹಾಕಿದರೆ ಇನ್ನೂ ಗಟ್ಟಿ. ಕಿರಿದಾದ ಬದಿ ಗಾಳಿಗೆದುರಾಗಿರಬೇಕು, ಅಗಲದ ಇಳಿಜಾರು ಅಲ್ಲ. ಹಾಳೆ ಚಿಕ್ಕದಿದ್ದು ಒಬ್ಬಿಬ್ಬರಿಗೆ ಸಾಕೆಂದರೆ ಒಂದೇ ಇಳಿಜಾರು ಮಾಡಿ, ಗಾಳಿ ಬರುವ ಕಡೆಯ ಅಂಚನ್ನು ನೆಲಕ್ಕೇ ಜಡಿದುಬಿಡಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನಲ್ಲಿ ಗಾಳಿಯ ದಿಕ್ಕನ್ನು ಊಹಿಸುವುದು ಸುಲಭ; ಬಹುತೇಕ ಪಶ್ಚಿಮ ಅಥವಾ ನೈಋತ್ಯದಿಂದ ಬೀಸುತ್ತದೆ. ಬಯಲುಸೀಮೆಯ ಮುಂಗಾರು ಪೂರ್ವ ಮಳೆಯದು ಬೇರೆಯೇ ಜಾಯಮಾನ. ಇಡೀ ದಿನದ ಕಾವಿಗೆ ಬೆಳೆದುನಿಂತ ಕಾರ್ಮೋಡದಿಂದ ತಂಪುಗಾಳಿ ಧೊಪ್ಪನೆ ಕೆಳಗಿಳಿದು ಸುತ್ತಲೂ ಹರಡುತ್ತದೆ. ಹೀಗಾಗಿ ಮಳೆ ಹನಿಗಿಂತ ಮೊದಲೇ ಧೂಳಿನೊಡನೆ ಗಾಳಿ ಬರುತ್ತದೆ. ಮೋಡ ಸರಿದಂತೆ ದಿಕ್ಕೂ ಬದಲಾಗುತ್ತದೆ. ಆದ್ದರಿಂದ ಗಾಳಿಯ ದಿಕ್ಕು ಒಂದೇ ಎಂದು ನಂಬಿ ಒಂದೇ ಬದಿಗೆ ಹಗ್ಗ ಕಟ್ಟುವಂತಿಲ್ಲ. ಎರಡೂ ಕಡೆ ಸಮನಾಗಿ ಎಳೆದಿರಬೇಕು.

ಇಲ್ಲೊಂದು ಇಕ್ಕಟ್ಟಿದೆ. 4×6 ಮೀಟರಿನ ಹಾಳೆಯನ್ನು ಅಂಚು ನೆಲಕ್ಕೆ ತಾಗುವಂತೆ 45 ಡಿಗ್ರಿ ಇಳಿಜಾರಿಗೆ ಕಟ್ಟಿದರೆ ಕೆಳಗೆ ಸಿಗುವ ಜಾಗ ಸುಮಾರು 17 ಚದರ ಮೀಟರ್. ತುರ್ತು ವಸತಿಗೆ ಜಾಗತಿಕವಾಗಿ ಪಾಲಿಸಲಾಗುವ ಸ್ಫಿಯರ್ ಮಾನದಂಡದಂತೆ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಬೇಕು. ಅಂದರೆ ಐವರ ಕುಟುಂಬಕ್ಕೆ ಹೆಚ್ಚುಕಡಿಮೆ ಸಾಕು. ಆದರೆ ನಡುವಿನ ಎತ್ತರ ನಾಲ್ಕೂವರೆ ಅಡಿ ಮಾತ್ರ. ತಲೆಬಗ್ಗಿಸಿಯೇ ಇರಬೇಕು. ಅಡುಗೆ, ಮಕ್ಕಳು, ವಯಸ್ಸಾದವರು ಎಂದು ಜನ ಮರುದಿನವೇ ಅಂಚನ್ನು ಎರಡಡಿ ಮೇಲೆತ್ತುತ್ತಾರೆ, ಗಾಳಿ ಅಡಿಯಿಂದ ನುಗ್ಗಲು ದಾರಿಯಾಗುತ್ತದೆ. ನಿಂತು ಓಡಾಡುವ ಎತ್ತರ ಅನಿವಾರ್ಯವಾದರೆ ಗಾಳಿಗೆದುರಿನ ಬದಿಗೆ ಇನ್ನೊಂದು ಹಾಳೆಯ ಅಥವಾ ಬಿದಿರು ತಟ್ಟಿಯ ಗೋಡೆ ಕಟ್ಟಿ, ಅದರ ಬುಡವನ್ನು ಮಣ್ಣಿನಲ್ಲಿ ಹೂಳಬೇಕು. ಕಂಬಗಳಿಗೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಬಡಿಯಬೇಕು. ಎತ್ತರ ಬೇಕೆಂದವರು ಹಗ್ಗವನ್ನೂ ಗೂಟವನ್ನೂ ಹೆಚ್ಚಿಸಲೇಬೇಕು. ರಾತ್ರಿಯ ಮಟ್ಟಿಗೆ, ಮಳೆ ಮೋಡ ಕಂಡಾಗ, ಮತ್ತೆ ತಗ್ಗಿಸಿ ಕಟ್ಟಬಹುದಾದಂತೆ ಕಂಬಗಳನ್ನು ಹೊಂದಿಸುವುದು ಇನ್ನೂ ಜಾಣತನ.

ಹಗ್ಗ, ಗಂಟು, ಗೂಟ

ರಿಂಗು ಹಾಳೆಯ ಅತ್ಯಂತ ದುರ್ಬಲ ಭಾಗ. ಎಲ್ಲ ಬಲವೂ ಅಲ್ಲಿಯೇ ಬಿದ್ದು ಅಂಚು ಸೀಳುತ್ತದೆ. ರಿಂಗು ಕಿತ್ತುಹೋದ ಅಥವಾ ಇಲ್ಲವೇ ಇಲ್ಲದ ಹಾಳೆಗೆ ಹಳೆಯ ಉಪಾಯವೊಂದಿದೆ. ನಿಂಬೆಹಣ್ಣಿನ ಗಾತ್ರದ ನುಣುಪಾದ ಗುಂಡುಕಲ್ಲನ್ನು ಅಂಚಿನಿಂದ ಒಂದು ಗೇಣು ಒಳಗೆ ಹಾಳೆಯಲ್ಲಿ ಸುತ್ತಿ, ಅದರ ಕತ್ತಿಗೆ ಹಗ್ಗದ ಕುಣಿಕೆ ಬಿಗಿಯುವುದು. ಎಳೆತ ಕಲ್ಲಿನ ಸುತ್ತ ಹಂಚಿಹೋಗಿ ಹಾಳೆ ಸೀಳುವುದಿಲ್ಲ. ಮರದ ಚೌಕಟ್ಟಿಗೆ ಬಡಿಯುವುದಾದರೆ ಬರಿ ಮೊಳೆ ಹೊಡೆಯಬಾರದು. ಹಾಳೆಯ ಅಂಚನ್ನು ಎರಡು ಸುತ್ತು ಮಡಚಿ ಮೇಲೊಂದು ಮರದ ಪಟ್ಟಿ ಇಟ್ಟು ಅದರ ಮೂಲಕ ಮೊಳೆ ಇಳಿಸಬೇಕು.

ಹಗ್ಗದ ಸ್ವಭಾವವನ್ನೂ ಅರಿತಿರಬೇಕು. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ಸಂಜೆ ಬಿಗಿಯಾಗಿದ್ದ ಸೂರು ನಡುರಾತ್ರಿ ಪಟಪಟ ಬಡಿಯತೊಡಗುತ್ತದೆ. ಹತ್ತಿ, ಸೆಣಬಿನ ಹಗ್ಗ ಒದ್ದೆಯಾದಾಗ ಕುಗ್ಗಿ ಗೂಟವನ್ನೇ ಎಳೆಯುತ್ತದೆ. ಹಾಗಾಗಿ ಒಂದು ಕೊನೆಯಲ್ಲಾದರೂ ಎಳೆದು ಬಿಗಿ ಮಾಡಬಲ್ಲ, ಸಡಿಲಿಸಬಲ್ಲ ಜಾರುಗಂಟು ಇರುವುದು ಅಗತ್ಯ. ಗಾಳಿಗೆ ಪಟಪಟಿಸುವ ಹಾಳೆ ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ಬಿಗಿಯಾಗಿರುವುದು ಬಾಳಿಕೆ ಬರುತ್ತದೆ. ತಳ್ಳುಗಾಡಿಯವರು ಸಾಮಾನು ಬಿಗಿಯಲು ಬಳಸುವ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಇಲ್ಲಿ ದೊಡ್ಡ ಉಪಕಾರಿ. ಹಾಳೆಗೂ ಹಗ್ಗಕ್ಕೂ ನಡುವೆ ಒಂದು ತುಂಡು ಟ್ಯೂಬ್ ಕಟ್ಟಿದರೆ ಗಾಳಿಯ ಏಟನ್ನು ಅದು ಹೀರಿಕೊಳ್ಳುತ್ತದೆ.

ಗೂಟ ಕಂಬದ ಬುಡದಲ್ಲೇ ಇದ್ದರೆ ಪ್ರಯೋಜನವಿಲ್ಲ. ಕಂಬದ ಎತ್ತರ ಎಷ್ಟೋ ಕಂಬದಿಂದ ಅಷ್ಟೇ ದೂರದಲ್ಲಿ, ತಲೆ ಸೂರಿನಿಂದ ಹೊರಗೆ ಬಾಗಿರುವಂತೆ ಹೊಡೆಯಬೇಕು. ಹಗ್ಗವನ್ನು ಗೂಟದ ತಲೆಗೆ ಕಟ್ಟುವುದಲ್ಲ, ನೆಲಕ್ಕೆ ತಾಗಿಕೊಂಡಂತೆ ಕಟ್ಟುವುದು ಸರಿಯಾದ ಕ್ರಮ. ಗಟ್ಟಿ ಮಣ್ಣಿನಲ್ಲಿ ಒಂದೂವರೆ ಅಡಿ ಇಳಿದರೆ ಸಾಕಾದೀತು. ವಿಜಯಪುರ, ಬಾಗಲಕೋಟೆ, ಗದಗ ಭಾಗದ ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಅಲ್ಲಿ ಬೇಸಿಗೆಯಲ್ಲಿ ಹೊಡೆದ ಗೂಟವನ್ನು ಮೊದಲ ಮಳೆಯ ನಂತರ ನಂಬುವಂತಿಲ್ಲ. ಅಂಥಲ್ಲಿಯೂ ಮರಳಿನಲ್ಲಿಯೂ ಅಡ್ಡ ದಿಮ್ಮಿ ಅಥವಾ ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಎರಡಡಿ ಆಳದಲ್ಲಿ ಹೂತು, ಮೇಲೆ ಮಣ್ಣು ತುಳಿಯುವುದು ವಾಸಿ.

ತಾರಸಿಯ ಸಮಸ್ಯೆ

ನಗರವಾಸಿಗಳಿಗೆ ಗೂಟದ ಮಾತೇ ಇಲ್ಲ, ನೆಲ ಕಾಂಕ್ರೀಟು. ನೀರಿನ ಪೈಪು, ಡಿಶ್ ಆಂಟೆನಾ, ಸೋಲಾರ್ ಹೀಟರಿನ ಕಾಲು ಹೀಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಹಗ್ಗ ಕಟ್ಟುವುದು ರೂಢಿ. ಇವುಗಳಲ್ಲಿ ಯಾವುದೂ ಆ ಎಳೆತಕ್ಕಾಗಿ ಮಾಡಿದ್ದಲ್ಲ. ಮರಳು ತುಂಬಿದ ಸಿಮೆಂಟ್ ಚೀಲ ಸುಮಾರು 50 ಕಿಲೊ, ನೀರು ತುಂಬಿದ 200 ಲೀಟರಿನ ಡ್ರಮ್ಮು 200 ಕಿಲೊ. 60 ಕಿ.ಮೀ. ಗಾಳಿಗೆ ಹಾಳೆಯ ಮೇಲೆ 400 ಕಿಲೊ ಬಲ ಬೀಳಬಹುದೆಂಬುದನ್ನು ನೆನೆದರೆ ಮೂಲೆಗೊಂದು ಚೀಲವಿಟ್ಟು ನಿಶ್ಚಿಂತರಾಗುವಂತಿಲ್ಲ. ಮೇಲಾಗಿ ಎರಡನೇ, ಮೂರನೇ ಮಹಡಿಯ ಮೇಲೆ ಗಾಳಿ ನೆಲದ ಮೇಲಿಗಿಂತ ಜೋರು, ಮತ್ತು ಅಲ್ಲಿಂದ ಹಾರಿದ ಕಂಬ ಬೀಳುವುದು ರಸ್ತೆಗೆ. ಮಳೆಗಾಳಿಯ ಮುನ್ಸೂಚನೆ ಇರುವ ದಿನ ತಾರಸಿಯ ಸಮಾರಂಭವನ್ನು ಒಳಗಿನ ಹಾಲ್‌ಗೆ ವರ್ಗಾಯಿಸುವುದೇ ಲೇಸು.

ನೀರಿನ ಭಾರ, ಬೆಂಕಿ, ಹೊಗೆ

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ನಿಂತರೆ ಒಂದು ಲೀಟರ್, ಅಂದರೆ ಒಂದು ಕಿಲೊ. ಚಪ್ಪಟೆ ಹಾಳೆಯ ನಡುವೆ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ, ಸರಾಸರಿ ಅರ್ಧ ಗೇಣು ಆಳದ ಹೊಂಡವಾದರೆ 200 ಕಿಲೊ ನೀರು ತಲೆಯ ಮೇಲೆ ತೂಗುತ್ತಿರುತ್ತದೆ. ಕೋಲಿನಿಂದ ಕೆಳಗಿನಿಂದ ಕುಟ್ಟಿ ನೀರು ಚೆಲ್ಲುವ ಅಭ್ಯಾಸ ಒಳ್ಳೆಯದಲ್ಲ. ನೀರು ಒಮ್ಮೆಗೆ ಒಂದು ಬದಿಗೆ ನುಗ್ಗಿದಾಗ ಕಂಬ ವಾಲುತ್ತದೆ. ಎರಡಡಿ ಅಗಲಕ್ಕೆ ಒಂದಡಿಗಿಂತ ಹೆಚ್ಚು ಇಳಿಜಾರು ಇದ್ದರೆ ಈ ಪ್ರಶ್ನೆಯೇ ಬಾರದು. ಸುತ್ತಲೂ ಒಂದು ಗೇಣು ಆಳದ ಕಾಲುವೆ ತೆಗೆದು, ತಗ್ಗಿನ ಕಡೆಗೆ ಬಿಡಿಸಬೇಕು. ನೆಲಕ್ಕೆ ಹಾಸಿದ ಪ್ಲಾಸ್ಟಿಕ್ಕು ಸೂರಿನ ಅಂಚಿನಿಂದ ಹೊರಚಾಚಿದ್ದರೆ ಇಳಿದ ನೀರೆಲ್ಲ ಹಾಸಿಗೆಯಡಿಗೇ ಬರುತ್ತದೆ.

ಮಳೆಯೆಂದು ನಾಲ್ಕೂ ಕಡೆ ಮುಚ್ಚಿ ಒಳಗೆ ಇದ್ದಿಲ ಒಲೆ, ಸ್ಟೌವ್, ಜನರೇಟರ್ ಇಡುವುದು ಪ್ರಾಣಾಂತಿಕ. ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಹೊತ್ತಿದ ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕುತ್ತದೆ ಎಂಬುದೂ ನೆನಪಿರಲಿ. ಅಡುಗೆಗೆ ಬೇರೆಯೇ ತೆರೆದ ಮರೆ ಬೇಕು. ವಿದ್ಯುತ್ ದೀಪಕ್ಕಾಗಿ ಎಳೆದ ವೈರನ್ನು ಕಬ್ಬಿಣದ ಕಂಬಕ್ಕೆ ಸುತ್ತುವ ಪದ್ಧತಿಯನ್ನು ಪೆಂಡಾಲ್ ಹಾಕುವವರು ಕೈಬಿಡಬೇಕು. ಜಸೋಲ್‌ನಲ್ಲಿ ಆದದ್ದೇನೆಂದು ಆಗಲೇ ಹೇಳಿದೆ.

ಇಳಿಸುವ ಹೊತ್ತು

ಭಾರತೀಯ ಹವಾಮಾನ ಇಲಾಖೆ ಗುಡುಗು ಮಳೆಯ ಬಗ್ಗೆ ಮೂರು ಗಂಟೆಗಳ ಅವಧಿಗೆ ಜಿಲ್ಲಾವಾರು ತಕ್ಷಣದ ಮುನ್ಸೂಚನೆ ನೀಡುತ್ತದೆ. ಅದರಲ್ಲಿ ಗಾಳಿಯ ವೇಗ ಗಂಟೆಗೆ 40 ಕಿ.ಮೀ. ಒಳಗಿದ್ದರೆ ಸಾಧಾರಣ ಎಂದು ತಿಳಿಯಬಹುದು. 41ರಿಂದ 61 ಎಂದಿದ್ದರೆ ಎತ್ತರದ ಶಾಮಿಯಾನಗಳನ್ನು ಮಳೆಗೆ ಮೊದಲೇ ಬಿಚ್ಚಬೇಕು, ತಗ್ಗಿನ ಸೂರಿನ ಪ್ರತಿ ಗಂಟನ್ನೂ ನೋಡಬೇಕು. 62 ಮೀರಿದರೆ ಟಾರ್ಪಾಲಿನಡಿ ಯಾರೂ ಇರಕೂಡದು. ಸಮೀಪದ ಶಾಲೆ, ಸಮುದಾಯ ಭವನದಂಥ ಗಟ್ಟಿ ಕಟ್ಟಡವೇ ಗತಿ. ಅಂಥ ಕಟ್ಟಡ ಎಲ್ಲಿದೆ, ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಸೂರು ಕಟ್ಟುವ ದಿನವೇ ವಿಚಾರಿಸಿಟ್ಟಿರಬೇಕು. ಪರಿಹಾರ ಶಿಬಿರ ನಡೆಸುವವರೂ ಕಾರ್ಮಿಕರನ್ನು ಶೆಡ್ಡಿನಲ್ಲಿರಿಸುವ ಗುತ್ತಿಗೆದಾರರೂ ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಸಿಡಿಲಿಗೆ ಬೇರೆ ಲೆಕ್ಕ. ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. ಆಗ ಟಾರ್ಪಾಲು, ಒಂಟಿ ಮರ, ಬಯಲು ಮೂರನ್ನೂ ತೊರೆದು ಪಕ್ಕಾ ಕಟ್ಟಡ ಅಥವಾ ಗಾಜು ಏರಿಸಿದ ಕಾರು, ಬಸ್ಸಿನೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಬರಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಎಚ್ಚರಿಕೆಯನ್ನು ಮೊಬೈಲಿಗೇ ಕಳಿಸುತ್ತದೆ.

ಗಾಳಿ ಎದ್ದ ಮೇಲೆ ಇಳಿಸುವುದಾದರೆ ಗೂಟದ ಹಗ್ಗಕ್ಕೆ ಮೊದಲು ಕೈ ಹಾಕಬಾರದು. ನಡುಹಗ್ಗವನ್ನು ಸಡಿಲಿಸಿ ಅಥವಾ ಕಂಬವನ್ನು ಒಳಗೆ ಮಲಗಿಸಿ, ಅಂಚುಗಳು ನೆಲಕ್ಕೆ ಕಟ್ಟಿರುವಂತೆಯೇ ಹಾಳೆಯನ್ನು ಚಪ್ಪಟೆಯಾಗಿ ಬೀಳಿಸಬೇಕು. ಮೇಲೆ ಕಲ್ಲು, ಚೀಲ ಹೇರಿದ ನಂತರ ಗಾಳಿಮರೆಯ ಬದಿಯಿಂದ ಬಿಚ್ಚುತ್ತ ಬಂದು, ಗಾಳಿಗೆದುರಿನ ಅಂಚನ್ನು ಕೊನೆಗೆ ಬಿಚ್ಚಬೇಕು. ಕಟ್ಟುವಾಗ ಇದೇ ಅಂಚು ಮೊದಲಿನದು. ಅಷ್ಟಕ್ಕೂ ಹಾಳೆ ಕೈತಪ್ಪಿತೆಂದರೆ ಬಿಟ್ಟುಬಿಡಬೇಕು, ಬೆನ್ನಟ್ಟಬಾರದು. ಅದು ಹೋಗಿ ವಿದ್ಯುತ್ ತಂತಿಗೆ ಸಿಕ್ಕಿಕೊಂಡಿದ್ದರೆ ಕೋಲಿನಿಂದ ಎಳೆಯುವ ಸಾಹಸಕ್ಕೆ ಇಳಿಯದೆ ವಿದ್ಯುತ್ ಕಂಪನಿಗಳ ಸಹಾಯವಾಣಿ 1912ಕ್ಕೆ ತಿಳಿಸಿ, ಅವರು ಬರುವವರೆಗೆ ಮಕ್ಕಳನ್ನು ಅತ್ತ ಸುಳಿಯಗೊಡಬಾರದು.